ಅತ್ತೆಮ್ಮನ ಬೆಲ್ಲ, ಅಳಿಯನ ಎಕ್ಸ್‌ರೇ

ನನಗೆ ಎಕ್ಸ್‌ರೇ ಎಂದರೆ ಭಯ. ನೋವಾಗುತ್ತದೆ ಎಂದಲ್ಲ, ಒಳಗಿರುವುದೆಲ್ಲ ಕಂಡುಬಿಡುತ್ತದಲ್ಲ ಎಂದು. ಹೊರಗಿನದನ್ನಾದರೆ ತೊಳೆದುಕೊಳ್ಳಬಹುದು. ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಹೊಸಪೇಟೆಯ ನಾವೆಲ್ಲ ಮಾಡುತ್ತಿದ್ದುದೇ ಅದು. ಬೆಳಗಾದರೆ ಅಂಗಳ, ಕಟ್ಟೆ, ಕಿಟಕಿ, ಮುಖ ಎಲ್ಲ ತೊಳೆಯುವುದು. ಲಾರಿಗಳ ಸಾಲು ಒಮ್ಮೆ ಕೆಂಧೂಳೆಬ್ಬಿಸಿ ಹಾದುಹೋದ ಮೇಲೆ ಮತ್ತೆ ತೊಳೆಯುವುದು. ಬಿಳಿ ಅಂಗಿ ಕೊಂಡರೆ ವಾರದೊಳಗೆ ಅದಕ್ಕೆ ಕಾವಿ ಬಣ್ಣ. ಚಿತ್ತವಾಡ್ಗಿಯ ನಮ್ಮ ಓಣಿಯ ಗಂಡಸರೆಲ್ಲ ದೂರದಿಂದ ಸನ್ಯಾಸಿಗಳಂತೆ ಕಾಣುತ್ತಿದ್ದೆವು, ಹತ್ತಿರ ಬಂದು ಮಾತಾಡಿಸಿದರೆ ಮಾತ್ರ ಭ್ರಮೆ ಹರಿಯುತ್ತಿತ್ತು. ನಾನಂತೂ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂರುವವನು. ಸೀನಿದರೆ ಕರವಸ್ತ್ರದ ತುಂಬ ಕುಂಕುಮ. ಮೂಗಿನ ಪಾಡೇ ಹೀಗಿದ್ದರೆ ಎದೆಯ ಪಾಡು ಏನಿರಬೇಕು, ನೀವೇ ಹೇಳಿ.

ಇಂಥ ಎದೆಯನ್ನು ಕೆನಡಾ ಸರ್ಕಾರ ನೋಡಬೇಕೆಂದಿತು. ನನ್ನ ಹೆಂಡತಿ ಗಿರಿಜಾ ಅಲ್ಲಿ ನರ್ಸ್. ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಲೋಕದಲ್ಲಿ ಹೆಂಡತಿ ಗಂಡನ ಮನೆಗೆ ಹೋದರೆ ನಾನು ಹೆಂಡತಿಯ ಮನೆಗೆ ಹೊರಟಿದ್ದೆ. ಲಾರಿ ಡ್ರೈವರುಗಳಿಗೆ ಇಷ್ಟು ಸಾಕಾಯಿತು. "ಉಡಿ ಯಾವಾಗ ತುಂಬ್ತಾರ್ರೀ ಅಣ್ಣಾ? ನಮ್ಮನ್ನೂ ಕರೀರಿ ಮತ್ತ!" ಎಂದು ಕೂಗಿ ಹೋಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆ ಪುಕಪುಕ. ಬೆಂಗಳೂರಿನಲ್ಲಿ ಕೆನಡಾದವರೇ ಗೊತ್ತುಮಾಡಿದ ಡಾಕ್ಟರು ನನ್ನನ್ನು ತಪಾಸಣೆ ಮಾಡಬೇಕು. ಎದೆಯಲ್ಲಿ ಏನಾದರೂ ಕಂಡಿತೋ, ಅರ್ಜಿ ತಿಂಗಳುಗಟ್ಟಲೆ ಕೂತುಬಿಡುತ್ತದೆ, ಒಮ್ಮೊಮ್ಮೆ ಏಳುವುದೇ ಇಲ್ಲ ಎಂದು ಗಿರಿಜಾ ಫೋನಿನಲ್ಲಿ ಹೇಳಿದ್ದಳು.

ಆಗ ರಂಗಕ್ಕೆ ಇಳಿದವರು ಅತ್ತೆಮ್ಮ, ಗಿರಿಜಾಳ ತಾಯಿ. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನ. ಅಳಿಯನ ಎದುರು ಅತ್ತೆ ಕೂರಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬುದು ಅವರ ಮನೆಯ ರಿವಾಜು. ಹೀಗಾಗಿ ಮದುವೆಯಾದಾಗಿನಿಂದ ನಾನು ಅವರನ್ನು ಬಾಗಿಲ ಮರೆಯ ಅರ್ಧ ಸೀರೆ ಮತ್ತು ಪೂರ್ತಿ ದನಿಯಾಗಿ ಮಾತ್ರ ಬಲ್ಲೆ. ನನ್ನನ್ನು ಉದ್ದೇಶಿಸಿದ ಮಾತನ್ನೂ ಅವರು ಗೋಡೆಗೇ ಹೇಳುತ್ತಿದ್ದರು, ನಾನು ಗೋಡೆಯಿಂದ ಇಸಿದುಕೊಳ್ಳಬೇಕು. ಒಂಟಿ ಅಡುಗೆಯ ನನ್ನ ಮನೆಗೆ ಚೀಲದ ತುಂಬ ಅಚ್ಚು ಬೆಲ್ಲ ಹೊತ್ತು ಬಂದವರೇ ಗೋಡೆಗೆ ಹೇಳಿದರು: "ಗಿರಣ್ಯಾಗ ತೌಡಿನ ಧೂಳು ಕುಡಿಯೋ ಹಮಾಲರಿಗೆ ನಾವು ಸಂಜೀಕ ಬೆಲ್ಲಾನಽ ಕೊಡೋದು. ಎದಿಯಾಗಿಂದೆಲ್ಲಾ ತೊಳ್ಕೊಂಡು ಹೋಗ್ತೈತಿ. ಅಳಿಯಂದ್ರು ಚಿಂತಿ ಮಾಡೋದು ಬ್ಯಾಡ."

ಅಲ್ಲಿಂದ ಶುರುವಾಯಿತು ನೋಡಿ. ಚಹಾಕ್ಕೆ ಬೆಲ್ಲ, ರೊಟ್ಟಿಗೆ ತುಪ್ಪ ಬೆಲ್ಲ, ಊಟಕ್ಕೆ ಬೆಲ್ಲ ಬೆರೆಸಿದ ಮಾದಲಿ, ಮಲಗುವ ಮುನ್ನ ಪಾನಕ. ಅತಿಯಾದರೆ ಅಮೃತವೂ ವಿಷ ಎಂದು ಓದಿದ್ದೇನೆ, ಆದರೆ ಅತ್ತೆ ಬಡಿಸುವಾಗ ಗಾದೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ನನ್ನ ಸುತ್ತ ಇರುವೆಗಳು ಮರ್ಯಾದೆಯಿಂದ ಓಡಾಡತೊಡಗಿದವು.

ಬೆಂಗಳೂರಿಗೂ ಜೊತೆಗೆ ಬಂದರು. ರೈಲಿನಲ್ಲಿ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಗೆ ಮುಖ ಮಾಡಿ, "ಅಳಿಯಂದ್ರು ಪಾನಕ ಕುಡೀಲಿ" ಎಂದು ಲೋಟವನ್ನು ಹಿಂದಿನಿಂದ ಚಾಚುತ್ತಿದ್ದರು. ಎದುರಿಗಿದ್ದ ಪ್ರಯಾಣಿಕರಿಗೆ ಆ ಅಳಿಯ ಯಾರೆಂದು ತಿಳಿಯಲು ಗುಂತಕಲ್ಲಿನವರೆಗೆ ಬೇಕಾಯಿತು.

ಆಸ್ಪತ್ರೆಯಲ್ಲಿ ಮೊದಲು ನನ್ನನ್ನು ತೂಗಿದರು. ಲಾರಿ ತೂಗುವವನು ತಾನೇ ಕಾಟಾ ಹತ್ತಿ ನಿಲ್ಲುವುದು ಎಂಥ ಅವಸ್ಥೆ! ಎತ್ತರ ಅಳೆದರು, ಕಣ್ಣು ನೋಡಿದರು, ಬಾಯಿ ತೆರೆಸಿದರು. ನಮ್ಮ ಹಂಪಿಗೆ ಅರಬ್ಬಿ ಕುದುರೆಗಳು ಕಡಲು ದಾಟಿ ಬರುತ್ತಿದ್ದವಂತೆ. ಅರಸನ ಕಡೆಯವರು ಹಲ್ಲು, ಗೊರಸು, ಉಸಿರು ನೋಡದೆ ಕೊಂಡಿರಲಾರರು. ಈಗ ಆ ಊರಿನ ಕಡೆಯವನೊಬ್ಬ ಕಡಲಾಚೆಗೆ ಹೊರಟು ಹಲ್ಲು ತೋರಿಸುತ್ತಿದ್ದಾನೆ. ಇತಿಹಾಸ ಬಡ್ಡಿಸಮೇತ ವಸೂಲಿ ಮಾಡುತ್ತದೆ ಎಂದುಕೊಂಡೆ. ಹಿಂದೆ ದಾರ ಕಟ್ಟುವ ನಿಲುವಂಗಿ ತೊಟ್ಟು, ತಣ್ಣನೆಯ ಹಲಗೆಗೆ ಎದೆಯಾನಿಸಿ ನಿಂತೆ. "ಕೆಮ್ಮು ಇದೆಯಾ?" ಎಂದು ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳನ ಹಾಗೆ ಕೆಮ್ಮಿಬಿಟ್ಟೆ.

ಕೊನೆಗೆ ಡಾಕ್ಟರಮ್ಮನ ಕೋಣೆ. ಮೂಲೆಯಲ್ಲಿ ಹಸಿರು ಪರದೆ. ಅತ್ತೆಮ್ಮ ಕ್ಷಣವೂ ಯೋಚಿಸದೆ ಅದರ ಹಿಂದೆ ಹೋಗಿ ನಿಂತರು. ತಮ್ಮಂಥವರಿಗಾಗಿಯೇ ಆಸ್ಪತ್ರೆಯವರು ಮಾಡಿಸಿದ ಅನುಕೂಲ ಎಂದು ತಿಳಿದಿರಬೇಕು.

ಡಾಕ್ಟರಮ್ಮ ಕಾಗದ ನೋಡುತ್ತ, "ನಿಮಗೆ ಸಕ್ಕರೆ ಕಾಯಿಲೆ ಇದೆಯಾ? ಮೂತ್ರದಲ್ಲಿ ಶುಗರ್ ಕಾಣ್ತಿದೆಯಲ್ಲ" ಎಂದರು.

ಕಾವಲು ಹಾಕಿದ್ದು ಮುಂಬಾಗಿಲಿಗೆ, ಕಳ್ಳ ಬಂದದ್ದು ಹಿತ್ತಲಿಂದ! ಪರದೆ ಅಲುಗಿತು. ಅತ್ತೆಮ್ಮ ಹೊರಗೆ ಬಂದರು; ಸೆರಗು ತಲೆಯಿಂದ ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ.

"ಇವ್ರಿಗೆ ಏನೂ ಬ್ಯಾನಿ ಇಲ್ರೀ ಡಾಕ್ಟರಮ್ಮ. ನಾನಽ ಬೆಲ್ಲ ತಿನಿಸೀನ್ರಿ, ಇವತ್ತು ಮುಂಜಾನಿ ತನಕ. ಎದಿ ಸ್ವಚ್ಛ ಆಗ್ಲಿ ಅಂತ. ಬರ್ಯೋದಿದ್ರ ತಪ್ಪು ನಂದಂತ ಬರೀರಿ." ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ನನ್ನ ಮಗಳು ಡ್ಯೂಟಿ ಮುಗಿಸಿ ಬಂದು ಒಬ್ಬಾಕೀನಽ ಗ್ವಾಡಿ ನೋಡ್ಕೋತ ಉಣ್ತಾಳ್ರಿ. ಅಕೀ ಎದುರಿಗೆ ಕುಂದ್ರಾಕ ಒಬ್ರು ಬೇಕು. ಅಷ್ಟಽ ನೋಡ್ರಿ ನಾನು ಕೇಳೋದು."

ಇಷ್ಟು ದಿನ ನಾನು ಯೋಚಿಸಿದ್ದೆಲ್ಲ ನನ್ನ ಎದೆಯನ್ನು. ಅವರು ಯೋಚಿಸಿದ್ದು ಮಗಳ ಊಟದ ತಟ್ಟೆಯನ್ನು.

ಡಾಕ್ಟರಮ್ಮ ಒಳ್ಳೆಯವರು. ನಗಲಿಲ್ಲ. "ಅಮ್ಮಾ, ಬೆಲ್ಲ ಹೋಗೋದು ಹೊಟ್ಟೆಗೆ, ಎದೆಗಲ್ಲ. ಎದೆಯಲ್ಲಿ ಏನೂ ಇಲ್ಲ, ಚೆನ್ನಾಗಿದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬನ್ನಿ, ರಕ್ತ ನೋಡೋಣ" ಎಂದರು. ಅತ್ತೆಮ್ಮ "ಎದೆ ಚೆನ್ನಾಗಿದೆ" ಎಂಬುದನ್ನಷ್ಟೇ ಕೇಳಿಸಿಕೊಂಡು ನನ್ನ ಕಡೆ ನೋಡಿದರು. ಬೆಲ್ಲ ಗೆದ್ದಿತ್ತು.

ಮರುದಿನ ರಕ್ತವೂ ಗೆದ್ದಿತು. ವರದಿ ಕಳಿಸುತ್ತೇನೆ, ಏನೂ ತೊಂದರೆಯಿಲ್ಲ ಎಂದರು ಡಾಕ್ಟರಮ್ಮ. ಹೊರಗಿನ ಬೆಂಚಿನ ಮೇಲೆ ನಾನು ಉಸ್ಸೆಂದು ಕೂತೆ. ಅತ್ತೆಮ್ಮ ಒಂದು ಗಳಿಗೆ ನಿಂತರು, ಗೋಡೆ ನೋಡಿದರು, ಆಮೇಲೆ ಎದುರಿನ ಬೆಂಚಿನ ಮೇಲೆ ಕೂತರು. ನನಗೆ ಮುಖ ಕೊಟ್ಟು. ಗಿರಿಜಾಳ ಮೂಗು, ಗಿರಿಜಾಳ ಗಲ್ಲ ಅವರದೇ ಎಂದು ಅವತ್ತೇ ನನಗೆ ಗೊತ್ತಾದದ್ದು. ಸೆರಗಿನ ಗಂಟು ಬಿಚ್ಚಿ ಒಂದು ಬೆಲ್ಲದ ಚೂರು ತೆಗೆದು, ಮುರಿದು, ಅರ್ಧ ನನಗೆ ಚಾಚಿದರು.

"ತಿನ್ರಿ ಈಗ. ಇನ್ನ ಯಾರೂ ಪರೀಕ್ಷಾ ಮಾಡಂಗಿಲ್ಲ."

ಅಳಿಯಂದ್ರು ತಿನ್ನಲಿ ಎನ್ನಲಿಲ್ಲ, ತಿನ್ರಿ ಎಂದರು. ತಿಂದೆ. ಅವರೂ ನನ್ನೆದುರೇ ತಿಂದರು.

ಈಗ ಇಲ್ಲಿ ಕೆನಡಾದಲ್ಲಿ ಗಿರಿಜಾ ಡ್ಯೂಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ, ನನ್ನ ಊಟ ಆಗಿದ್ದರೂ, ನಾನೊಂದು ತಟ್ಟೆ ಇಟ್ಟುಕೊಂಡು ಅವಳೆದುರು ಕೂರುತ್ತೇನೆ. "ಇದೇನ್ರೀ, ಎರಡನೇ ಸಲಾನಾ?" ಎಂದು ಅವಳು ರೇಗಿಸುತ್ತಾಳೆ. ರೇಗಿಸಲಿ. ಈ ದೇಶ ನನಗೆ ವೀಸಾ ಕೊಟ್ಟಿರಬಹುದು, ಕೆಲಸ ಕೊಟ್ಟವರು ಅತ್ತೆಮ್ಮ.