ಹೆಡ್ ಮಾಸ್ತರರಿಗೆ ಅಕ್ಷರಾಭ್ಯಾಸ

ಚಲುವಯ್ಯ ಮೇಷ್ಟ್ರನ್ನು ನಾನು ಮೊದಲು ನೋಡಿದ್ದು 1958ರ ಜುಲೈನ ಒಂದು ಶನಿವಾರ ಮಧ್ಯಾಹ್ನ, ಹಾಸನದ ಶಾಲೆಯೊಂದರ ಹಾಲಿನಲ್ಲಿ. ನೋಡಿದ ಕೂಡಲೇ ಭಕ್ತಿಗಿಕ್ತಿ ಏನೂ ಹುಟ್ಟಲಿಲ್ಲ. ಕುಳ್ಳಗೆ, ಕಪ್ಪಗೆ, ತೋಳು ಮಡಿಸಿದ ಖಾದಿ ಜುಬ್ಬ, ಕಂಕುಳಲ್ಲಿ ಹಳೇ ಕೊಡೆ. ಮಳೆಗೆ ಸಿಕ್ಕವರು ಯಾರೋ ಒಳಗೆ ಬಂದು ನಿಂತಿದ್ದಾರೆ ಅಂದುಕೊಂಡೆ. ನಮಗೆ ಪಾಠ ಹೇಳಲು ಬಂದವರು ಇವರೇ ಎಂದು ತಿಳಿದಾಗ ನನಗೂ ಒಂದು ಚೂರು ಕಸಿವಿಸಿಯಾಯಿತು. ಸುಳ್ಳು ಯಾಕೆ ಹೇಳಲಿ.

ನಮಗೆ ಅಂದರೆ, ಊರಿನ ಹದಿನಾಲ್ಕು ಪ್ರಾಥಮಿಕ ಶಾಲೆಗಳ ಮುಖ್ಯಸ್ಥರಿಗೆ. ಹದಿಮೂರು ಜನ ಕೋಟು ಪೇಟದ ಹೆಡ್ ಮಾಸ್ತರರು. ಹದಿನಾಲ್ಕನೆಯವಳು ನಾನು, ಅರಕಲಗೂಡಿನ ಶಾಂತಕುಮಾರಿ. ಇಪ್ಪತ್ತನಾಲ್ಕು ವರ್ಷದವಳು, ಹೆಣ್ಣುಮಕ್ಕಳ ಒಂದು ಪುಟ್ಟ ಶಾಲೆಯ ಹೆಡ್ ಮಿಸ್ಟ್ರೆಸ್ ಬಾಣಂತನಕ್ಕೆ ಹೋದದ್ದರಿಂದ ಆ ಕುರ್ಚಿಗೆ ಬಂದು ಬಿದ್ದವಳು. ಆಗಿನ ಶಾಲೆಗಳ ಗತಿ ಹೇಳಿಕೊಳ್ಳಲು ನಾಚಿಕೆ. ಒಂದನೇ ಕ್ಲಾಸಿಗೆ ಸೇರಿದ ಮಕ್ಕಳಲ್ಲಿ ಅರ್ಧಕ್ಕರ್ಧ ಅಲ್ಲೇ ಎರಡು ಮೂರು ವರ್ಷ ಕೊಳೆತು, ಕೊನೆಗೆ ದನದ ಹಿಂದೆಯೋ ಕೂಸಿನ ಹಿಂದೆಯೋ ಹೊರಟುಹೋಗುತ್ತಿದ್ದವು. ಮಕ್ಕಳು ದಡ್ಡರು ಅಂತ ನಾವೆಲ್ಲ ಕೈ ತೊಳೆದುಕೊಂಡಿದ್ದೆವು.

ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಗುಂಡಯ್ಯನವರು ಮಾತ್ರ ಅದನ್ನು ನಂಬಲಿಲ್ಲ. ಸುತ್ತಿ ಸುತ್ತಿ, ಒಂದನೇ ಕ್ಲಾಸಿನಲ್ಲಿ ಒಂದು ಮಗುವೂ ಫೇಲಾಗದ ಶಾಲೆಯೊಂದನ್ನು ಪತ್ತೆ ಹಚ್ಚಿದರು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಶ್ರವಣಬೆಳಗೊಳಕ್ಕೆ ಎರಡು ಮೈಲಿ ದೂರದ ಒಂದು ಹಳ್ಳಿ. ಇಡೀ ಶಾಲೆಗೆ ಒಬ್ಬರೇ ಮೇಷ್ಟ್ರು, ಅವರೇ ಚಲುವಯ್ಯ. ದುದ್ದದ ಹತ್ತಿರ ಊರಾಚೆಯ ಕೇರಿಯಲ್ಲಿ ಹುಟ್ಟಿ ಬೆಳೆದವರು. ಆರು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ, ಹಾಸನದ ಹೆಡ್ ಮಾಸ್ತರರಿಗೆಲ್ಲ ಅವರಿಂದ ತರಬೇತಿ ಎಂದು ಗುಂಡಯ್ಯನವರು ಆರ್ಡರು ಹೊರಡಿಸಿದರು. ಮೇಲಿನವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಏಳು ಜನಕ್ಕಿಂತ ಕಡಿಮೆ ಬಂದ ಶನಿವಾರ ಮೂರಾದರೆ ತರಬೇತಿ ಬಂದ್, ಚಲುವಯ್ಯ ವಾಪಸ್ ಹಳ್ಳಿಗೆ.

ಮೊದಲ ಶನಿವಾರ ಹದಿನಾಲ್ಕೂ ಜನ ಹಾಜರ್. ಆದರೆ ನಂಜಪ್ಪನವರು ಕೂರಲಿಲ್ಲ. ಹಳ್ಳಿಮೈಸೂರು ಕಡೆಯ ದೊಡ್ಡ ಜಮೀನಿನ ಮನೆತನ ಅವರದು. ಸಂಬಳದ ಹಂಗಿಲ್ಲದೆ, ಬರೀ ಆಸೆಗೆ ಮೇಷ್ಟ್ರಾದವರು. ಮೂವತ್ತು ವರ್ಷ ಸರ್ವೀಸಿನಲ್ಲಿ ಒಂದು ದಿನ ರಜೆ ಹಾಕಿದವರಲ್ಲ. ಅವರ ಬೆತ್ತ ಅವರಿಗಿಂತ ಮೊದಲೇ ಕ್ಲಾಸಿಗೆ ಬರುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ಕೂತರೆ ಶಿಷ್ಯನಾದ ಹಾಗಾಗುತ್ತದೆಂದು ಒಂದು ಗಂಟೆ ಪೂರ್ತಿ ಬಾಗಿಲಿಗೆ ಒರಗಿ ನಿಂತೇ ಇದ್ದರು. ಮಿಕ್ಕವರ ಕಣ್ಣೆಲ್ಲ ಅವರ ಮೇಲೆ.

ಚಲುವಯ್ಯನವರು ಭಾಷಣ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು. ನಿಮ್ಮ ಶಾಲೆಯಲ್ಲಿ ಮೂರು ವರ್ಷದಿಂದ ಒಂದನೇ ಕ್ಲಾಸಿನಲ್ಲೇ ಕೂತಿರುವ ಒಂದು ಮಗುವಿನ ಹೆಸರು ಹೇಳಿ. ಅಷ್ಟೇ. ರಿಜಿಸ್ಟರಿನಲ್ಲಿದೆ ಅಂದರು ಒಬ್ಬರು. ನನ್ನ ಶಾಲೆಯಲ್ಲೂ ಅಂಥ ನಾಲ್ಕು ಹುಡುಗಿಯರಿದ್ದರು. ಒಬ್ಬಳ ಹೆಸರೂ ನನ್ನ ನಾಲಗೆಗೆ ಬರಲಿಲ್ಲ. ನಂಜಪ್ಪನವರಿಗೆ ಇದು ದೊಡ್ಡ ಅವಮಾನವಾಗಿ ಕಂಡಿತು. ನಮ್ಮನ್ನು ಪರೀಕ್ಷೆ ಮಾಡಲು ಇವನ್ಯಾರು ಅಂತ ಹೊರಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು.

ಎರಡನೇ ಶನಿವಾರ ಐದು ಜನ ಬಂದರು. ಮಿಕ್ಕವರಿಗೆಲ್ಲ ಒಟ್ಟಿಗೇ ಹೊಟ್ಟೆನೋವು. ಅವರು ಕಳಿಸಿದ ಚೀಟಿಗಳ ಕೈಬರಹ ಕೂಡ ಒಂದೇ ಥರ ಇತ್ತು. ಮೂರನೇ ಶನಿವಾರ ನಾಲ್ಕು ಜನ. ಇನ್ನೊಂದೇ ಶನಿವಾರ ಬಾಕಿ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಮಳೆ ನಿಲ್ಲಲೆಂದು ಜಗಲಿಯಲ್ಲಿ ನಿಂತಿದ್ದಾಗ, ಇನ್‌ಸ್ಪೆಕ್ಟರಿಗೆ ದೂರು ಕೊಡಿ, ಸುಮ್ಮನೆ ಯಾಕಿದ್ದೀರಿ ಅಂತ ಚಲುವಯ್ಯನವರ ಮೇಲೇ ರೇಗಿದೆ.

"ನಾನ್ ವಾಪಸ್ ಓದ್ರೆ ನಂಗೇನೂ ನಷ್ಟ ಇಲ್ಲ ಕಣಮ್ಮ," ಅಂದರು ಅವರು. "ಒಂದನೇ ಕ್ಲಾಸಲ್ಲಿ ಕೂತವಲ್ಲ ಮಕ್ಳು, ಅವ್ಕೆ ನಷ್ಟ."

ಆಮೇಲೆ ಕೊಡೆ ಬಿಚ್ಚಿ ನೇರವಾಗಿ ಪೋಸ್ಟಾಫೀಸಿಗೆ ಹೋದರಂತೆ. ಸೋಮವಾರ ಹದಿನಾಲ್ಕು ಶಾಲೆಗೂ ಒಂದೊಂದು ಕಾರ್ಡು ಬಂತು. ಬರುವ ಭಾನುವಾರ ಬೆಳಗೊಳಕ್ಕೆ ಹೋಗಿ ಬರೋಣ, ಊಟ ಕಟ್ಟಿಕೊಂಡು ಬನ್ನಿ. ತರಬೇತಿ ಎಂಬ ಮಾತೇ ಅದರಲ್ಲಿರಲಿಲ್ಲ. ನಡುವೆ ಬಂದ ಶನಿವಾರ ಏನೋ ಸರ್ಕಾರಿ ರಜೆ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ತರಬೇತಿ ಅಂದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದವರು ಪ್ರವಾಸ ಅಂದದ್ದೇ ಮೊಸರನ್ನದ ಬುತ್ತಿ ಹಿಡಿದು ಬೆಳಗಿನ ಬಸ್ಸಿಗೆ ಓಡಿಬಂದರು. ಗೊಮ್ಮಟನ ದರ್ಶನ ಯಾರಿಗೆ ಬೇಡ? ನಂಜಪ್ಪನವರೂ ಬಂದರು. ಚಲುವಯ್ಯನವರು ಕೂತ ಸೀಟಿಗೆ ಆದಷ್ಟು ದೂರ ಕೂತರು.

ಚನ್ನರಾಯಪಟ್ಟಣ ದಾಟಿ ಬೆಳಗೊಳದಲ್ಲಿ ಇಳಿದಾಗ ಮೋಡ ಸರಿದು ಬಿಸಿಲು ಬಿದ್ದಿತ್ತು. ಎಲ್ಲರೂ ಗೊಮ್ಮಟನ ದೊಡ್ಡಬೆಟ್ಟದ ಕಡೆ ತಿರುಗಿದರೆ, ಚಲುವಯ್ಯನವರು ಎದುರಿನ ಚಿಕ್ಕಬೆಟ್ಟಕ್ಕೆ ಮೊದಲು ಹೋಗೋಣ ಅಂದರು. ಮೆಟ್ಟು ಬಿಟ್ಟು ಹತ್ತಿದೆವು. ಮೇಲೆ ಬಸದಿಗಳ ಹತ್ತಿರ ಬರೀ ಬಂಡೆ; ಕಾಲಿಗೆ ಆಗಲೇ ಬಿಸಿ ತಟ್ಟುತ್ತಿತ್ತು. ಅವರು ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ನೀರು ಸುರಿದು ಒದ್ದೆ ಬಟ್ಟೆಯಲ್ಲಿ ಬಂಡೆ ಒರೆಸಿದರು. ಒರೆಸುತ್ತಿದ್ದ ಹಾಗೇ ಬಂಡೆಯೊಳಗಿಂದ ಸಾಲುಸಾಲಾಗಿ ಅಕ್ಷರ ಮೇಲಕ್ಕೆ ಬಂತು. ಕನ್ನಡವೇ ಇದು, ಸಾವಿರ ವರ್ಷಕ್ಕೂ ಹಳೆಯದು, ಓದಿ ಅಂದರು.

ಹದಿಮೂರು ಪೇಟಗಳು ಒಟ್ಟಿಗೇ ಬಗ್ಗಿದವು. ಹಳಗನ್ನಡ ಪದ್ಯಗಳನ್ನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ ನಂಜಪ್ಪನವರು ಬಗ್ಗಿ ನೋಡಿದರು, ಎದ್ದು ಕನ್ನಡಕ ಹಾಕಿಕೊಂಡರು, ಮತ್ತೆ ಬಗ್ಗಿದರು. ಒಂದಕ್ಷರ ಯಾರಿಗೂ ತಿಳಿಯಲಿಲ್ಲ. ಆಗ ಚಲುವಯ್ಯನವರು ಒಂದು ಸಾಲನ್ನು ಗಟ್ಟಿಯಾಗಿ ಓದಿದರು. ಯಾರೋ ಒಬ್ಬ ಮುನಿ ಈ ಬೆಟ್ಟದಲ್ಲಿ ಉಪವಾಸವಿದ್ದು ದೇಹ ಬಿಟ್ಟ ಸಂಗತಿ. ಹೇಳಿ ಅಂದರು. ಹೇಳಿದೆವು. ಮೂರು ಸಲ ಹೇಳಿಸಿದರು. ಎಲ್ಲರೂ ಒಕ್ಕೊರಲಿನಲ್ಲಿ, ರಾಗವಾಗಿ, ಎಷ್ಟು ಗಟ್ಟಿಯಾಗಿ ಹೇಳಿದೆವೆಂದರೆ ಬಸದಿಗೆ ಬಂದಿದ್ದ ಯಾತ್ರಿಕರು ತಿರುಗಿ ನೋಡಿದರು. ಬಂದುಬಿಟ್ಟಿತು ಅಂತ ನಮಗೆಲ್ಲ ಖುಷಿ.

ಆಮೇಲೆ ಅವರು ಸಾಲಿನ ನಡುವಿನ ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದು ಯಾವುದು ಅಂತ ಕೇಳಿದರು.

ಪಕ್ಕದಲ್ಲಿದ್ದ ಸಣ್ಣಯ್ಯ ಮಾಸ್ತರರು ಸಾಲನ್ನು ಮೊದಲಿನಿಂದ ಬಾಯಲ್ಲೇ ಗೊಣಗಿಕೊಳ್ಳುತ್ತ, ಬೆರಳು ಮಡಿಸಿ ಎಣಿಸುತ್ತ ಆ ಅಕ್ಷರದವರೆಗೆ ನಡೆದು ಬಂದರು. ಬಂದು ತಪ್ಪು ಹೇಳಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನ ಶಾಲೆಯ ಹುಡುಗಿಯರು ಪಾಠ ಒಪ್ಪಿಸುವುದು ಹೀಗೇ; ಹಾಡಿನ ಹಾಗೆ ಪೂರ್ತಿ ಹೇಳುತ್ತಾರೆ, ನಡುವೆ ಬೆರಳಿಟ್ಟರೆ ಮೊದಲಿಂದ ಎಣಿಸಿಕೊಂಡು ಬರುತ್ತಾರೆ. ಅದನ್ನೇ ನಾವು ಓದು ಅಂದುಕೊಂಡಿದ್ದೆವು.

ಚಲುವಯ್ಯನವರು ನಂಜಪ್ಪನವರ ಕಡೆ ನೋಡಿದರು. ಅವರು ಒಂದು ಅಕ್ಷರ ಹೇಳಿದರು. ತಪ್ಪು. ಇನ್ನೊಂದು ಹೇಳಿದರು. ಅದೂ ತಪ್ಪು. ಆಗ ನಾನು ಅವರ ಕೈ ನೋಡಿದೆ. ಆ ಎತ್ತರದ ಆಳು, ಐವತ್ತು ದಾಟಿದ ಹೆಡ್ ಮಾಸ್ತರರು, ತಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದರು. ಬೆತ್ತದ ಮುಂದೆ ಮಕ್ಕಳು ಬಚ್ಚಿಡುತ್ತವಲ್ಲ, ಹಾಗೆ. ಬೆಟ್ಟದ ಮೇಲೆ ಬೆತ್ತವೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವರಿಗೇ ಗೊತ್ತಾಯಿತು. ಕೈ ಹೊರತೆಗೆದು ಅವನ್ನೇ ನೋಡುತ್ತ ನಿಂತರು.

"ನಾನೂ ಒಡ್ದಿದೀನಿ ಸಾ," ಅಂದರು ಚಲುವಯ್ಯನವರು, ಕೂತಲ್ಲಿಂದಲೇ, ಬಂಡೆಯ ಕಡೆ ನೋಡುತ್ತ. "ಮಾದಮ್ಮ ಅಂತ, ನನ್ ಸ್ಕೂಲಿರೋ ಊರಲ್ಲಿ ನಮ್ಮೋರ್ ಕೇರೀದೇ ಹೆಣ್ಮಗ. ಒಂದು ವರ್ಸ ಆದ್ರೂ ಅ ಬರ್ನಿಲ್ಲ ಅಂತ ಕೈ ಊದೋ ಅಂಗ್ ಒಡ್ದೆ. ಸ್ಲೇಟ್ ಬಿಟ್ಟು ಓಗ್ಬುಟ್ಳು, ತಿರ್ಗಾ ಬರ್ನಿಲ್ಲ. ಅದಾದ್ ತಿಂಗ್ಳಿಗೆ ಇಲ್ ಬಂದು ಇದೇ ಬಂಡೆ ಮುಂದ್ ನಿಂತ್ಕಂಡೆ. ಯಾರೋ ಸಾಸ್ನ ಓದೋರು, ಇಷ್ಟು ಸುಲಬದ್ದು ಗೊತ್ತಾಗಕಿಲ್ವಾ ಅಂತ ನಕ್ರು. ಅವತ್ತು ಗೊತ್ತಾಯ್ತು ಸಾ, ಮಾದಮ್ಮಂಗೆ ಎಂಗ್ ಆಗಿತ್ತು ಅಂತ."

ಎರಡು ವರ್ಷ ಪ್ರತಿ ಭಾನುವಾರ ಬೆಟ್ಟ ಹತ್ತಿ, ಆ ಶಾಸನ ಓದುವವರನ್ನೇ ಕಾಡಿ ಬೇಡಿ ಕಲಿತರಂತೆ. ತಾವು ಯಾವ ದಾರಿಯಲ್ಲಿ ಕಲಿತರೋ ಅದೇ ದಾರಿಯಲ್ಲಿ ಮಕ್ಕಳಿಗೆ ಕಲಿಸತೊಡಗಿದರು. ಆ ದಾರಿಯನ್ನೇ ಅವತ್ತು ನಮಗೂ ತೋರಿಸಿದರು. ಕೂಡುವ ಲೆಕ್ಕದ ಗುರುತಿನ ಹಾಗೆ ಕಾಣುವುದು ಕ. ಬಂಡೆಯ ಮೇಲೆ ಎಲ್ಲೆಲ್ಲಿದೆ, ನೀವೇ ಹುಡುಕಿ ಅಂದರು. ಹೆಡ್ ಮಾಸ್ತರರು ಕಚ್ಚೆ ಎತ್ತಿ ಕಟ್ಟಿ ಬಂಡೆಯ ಮೇಲೆ ಮಂಡಿಯೂರಿ ಹುಡುಕಿದರು. ಸಿಕ್ಕಿತು, ಇಲ್ಲೊಂದು, ಅಲ್ಲೊಂದು. ಅದರ ಪಕ್ಕದ್ದು ಏನಿರಬಹುದು ಅಂದರು. ಅವರಾಗಿ ಒಂದು ಉತ್ತರವನ್ನೂ ಹೇಳಲಿಲ್ಲ. ತಪ್ಪಿದರೆ ಮುಖ ಕೂಡ ಬದಲಾಗಲಿಲ್ಲ, ಕಾದರು. ಒಂದು ಗಂಟೆ ಹೊತ್ತಿಗೆ ನಾನು ಒಂದು ಮಾತು ಓದಿದೆ. ಕಲ್. ಕಲ್ಲಿನ ಮೇಲೆ ಕಲ್ಲು ಅಂತಲೇ ಕೆತ್ತಿತ್ತು. ಯಾವ ಕಾಲದವನೋ ಒಬ್ಬ ಕೆತ್ತಿಟ್ಟ ಮಾತು ನನ್ನ ಬಾಯಲ್ಲಿತ್ತು, ಅದನ್ನು ನಾನೇ ಓದಿದ್ದೆ. ಅಕ್ಷರ ಅಂದರೆ ಇಂಥದ್ದು ಎಂದು, ಎಷ್ಟೋ ಮಕ್ಕಳಿಗೆ ಅ ಆ ತಿದ್ದಿಸಿದ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಗೊಮ್ಮಟನನ್ನು ಆಮೇಲೆ ನೋಡಿದೆವು. ನನ್ನ ಬೆರಗು ಆಗಲೇ ಖರ್ಚಾಗಿತ್ತು.

ನಂಜಪ್ಪನವರು ಹುಡುಕಲು ಕೂರಲಿಲ್ಲ. ಯಾರಿಗೂ ಹೇಳದೆ ಇಳಿದು ಹೋಗಿ ಬಸ್ ನಿಲ್ಲುವ ಕಡೆ ಕೂತಿದ್ದರು. ಬುತ್ತಿ ಬಿಚ್ಚಿರಲಿಲ್ಲ. ಅವರಿಲ್ಲದೆ ಮಿಕ್ಕವರು ಬರುವವರಲ್ಲ, ಇನ್ನು ಮುಗಿಯಿತು ಅಂದುಕೊಂಡೆ.

ಮುಂದಿನ ಶನಿವಾರ ಗುಂಡಯ್ಯನವರು ತಾವೇ ರಿಜಿಸ್ಟರು ಹಿಡಿದು ಬಂದು ಕೂತರು. ಎರಡೂವರೆಗೆ ಸಹಿ ಮುಗಿಸಬೇಕು. ಎರಡಕ್ಕೆ ನಾನೊಬ್ಬಳೇ. ಆಮೇಲೆ ಸಣ್ಣಯ್ಯನವರು. ಎರಡೂಕಾಲಿಗೆ ಆರು ಜನ. ಕಿಟಕಿಯಿಂದ ನೋಡಿದರೆ ಮಿಕ್ಕವರು ಬೇವಿನ ಮರದ ಕೆಳಗೆ ಗುಂಪಾಗಿ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ. ನಂಜಪ್ಪನವರಿಗಾಗಿ ಕಾಯುತ್ತಿದ್ದರು. ಅವರ ಶಾಲೆಯಲ್ಲಿ ವಿಚಾರಿಸಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ, ಬುಧವಾರ ಗುರುವಾರ ಎರಡು ದಿನ ರಜೆ ಹಾಕಿದ್ದರು. ಚಲುವಯ್ಯನವರು ಬೋರ್ಡು ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ಎರಡೂವರೆಗೆ ಐದು ನಿಮಿಷ ಇರುವಾಗ ನಂಜಪ್ಪನವರು ಬಂದರು. ಕೈಯಲ್ಲಿ ಬೆತ್ತ ಇರಲಿಲ್ಲ. ಚೌಕಟ್ಟಿನ ಮೂಲೆ ಮುರಿದ ಒಂದು ಸ್ಲೇಟಿತ್ತು. ಖಾಲಿ ಕುರ್ಚಿಗಳನ್ನು ದಾಟಿ ಹೋಗಿ, ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಅವರ ಸುತ್ತ ಕೂತರು, ನೆಲದ ಮೇಲೇ. ಕುರ್ಚಿಯಲ್ಲಿ ಉಳಿದವರು ನಾವೇ ಆರು ಜನ. ನಾಚಿಕೆಯಾಗಿ ನಾವೂ ಇಳಿದೆವು.

ಸ್ಲೇಟಿನ ಮೇಲೆ ಬಂಡೆಯ ಅಕ್ಷರಗಳಿದ್ದವು, ಏಳು. ಆ ಎರಡು ದಿನ ಒಬ್ಬರೇ ಬೆಟ್ಟದ ಮೇಲೆ ಕೂತು ಬರೆದು ಒರೆಸಿ ಬರೆದಿದ್ದರು. ಬಾಯಿಪಾಠವಾಗಿದ್ದ ಸಾಲಿನ ಜೊತೆ ಹೊಂದಿಸಿಕೊಂಡು ಆರು ಕಲಿತಿದ್ದರು, ಒಂದು ಬಂದಿರಲಿಲ್ಲ. ಚಲುವಯ್ಯನವರು ಹೋಗಿ ಅವರ ಪಕ್ಕ ಕೂತು, ಬಂದಿರುವ ಆರನ್ನು ಮೊದಲು ಓದಿಸಿದರು. ನಂಜಪ್ಪನವರು ಒಂದೊಂದರ ಕೆಳಗೂ ಬೆರಳಿಟ್ಟು ಓದಿದರು.

ತರಬೇತಿ ಆರು ತಿಂಗಳಿಗೆ ನಿಲ್ಲಲಿಲ್ಲ, ಎಂಟು ವರ್ಷ ನಡೆಯಿತು. ಪ್ರತಿ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲ ವಾರ ಊರಿನ ಹೆಡ್ ಮಾಸ್ತರರೆಲ್ಲ ತಮಗೆ ಗೊತ್ತಿಲ್ಲದ ಲಿಪಿ ಒಂದನ್ನು ನೆಲದ ಮೇಲೆ ಕೂತು ಕಲಿಯಬೇಕು. ಒಂದು ವರ್ಷ ಉರ್ದು, ಒಂದು ವರ್ಷ ತಮಿಳು. ಒಂದನೇ ಕ್ಲಾಸಿನಲ್ಲಿ ಕೊಳೆಯುವ ಮಕ್ಕಳು ವರ್ಷ ವರ್ಷಕ್ಕೂ ಕಡಿಮೆಯಾದರು. ಚಲುವಯ್ಯನವರು 1966ರಲ್ಲಿ ನಿವೃತ್ತರಾಗಿ ದುದ್ದದ ಕಡೆ ಹೋದರು. ಮಾದಮ್ಮನನ್ನು ಹುಡುಕಿಕೊಂಡು ಎರಡು ಸಲ ಹೋಗಿದ್ದರಂತೆ, ಸಿಗಲಿಲ್ಲವಂತೆ.

ನಲವತ್ತು ವರ್ಷ ಈ ಕಸುಬಿನಲ್ಲಿದ್ದೆ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಆ ಶನಿವಾರ ಪಾಠ ಮುಗಿದು ನಾವೆಲ್ಲ ಎದ್ದ ಹೊತ್ತು. ಚಲುವಯ್ಯನವರು ಸ್ಲೇಟನ್ನು ನಂಜಪ್ಪನವರ ಕೈಗೆ ವಾಪಸ್ ಕೊಟ್ಟರು. ಅವರು ಅದನ್ನು ಕೋಟಿನ ತೋಳಿನಲ್ಲಿ ಮೆಲ್ಲಗೆ ಒರೆಸಿದರು.

"ಇದು ನಂದಲ್ಲ ಸಾ, ನಮ್ ಸ್ಕೂಲಿನ ಮಗೂದು," ಅಂದರು. "ಮೂರು ವರ್ಷದಿಂದ ಒಂದನೇ ಕ್ಲಾಸಲ್ಲೇ ಅವ್ಳೆ. ಲಕ್ಕಮ್ಮ ಅಂತ. ಇವತ್ತು ಬೆಳಗ್ಗೆ ಕೇಳ್ದೆ, ಹೆಸರು."