ಎಡಗಡೆಯ ಸ್ಪೀಕರ್ ಕೆಟ್ಟಿದೆ

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಗೆ ಬಂದವರೆಲ್ಲ ನನ್ನ ಬೆನ್ನನ್ನಷ್ಟೇ ನೋಡಿ ಹೋಗಿದ್ದಾರೆ. ಉಳಿದ ನಾನು ಟೀವಿ ಸ್ಟ್ಯಾಂಡಿನ ಹಿಂದೆ ಇದ್ದೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ವೈರು, ತಲೆಯ ಮೇಲೆ ಜೇಡರ ಬಲೆ.

ಶುರುವಾದದ್ದು ಸಂಭ್ರಮದಿಂದಲೇ. ಅಬ್ಬಿಗೆರೆಯ ಬಿಲ್ಡರ್ ಗೆಳೆಯ ರಾಜಣ್ಣ ತನ್ನ ಹೊಸ ಮನೆಯ ಮೂರನೇ ಮಹಡಿಯಲ್ಲಿ ಸ್ವಂತಕ್ಕೊಂದು ಥಿಯೇಟರ್ ಕಟ್ಟಿಸಿಕೊಂಡ. (ಅವನ ಅಪ್ಪ ಅದೇ ಜಾಗದಲ್ಲಿ ರಾಗಿ ಒಕ್ಕುತ್ತಿದ್ದರು. ಈಗ ಅಲ್ಲಿ ಕಾಲು ಚಾಚಿ ಮಲಗುವ ಸೋಫಾಗಳಿವೆ.) ಹೊಸದು ಬಂದ ಮೇಲೆ ಹಳೆಯದರ ಗತಿ? ಅವನ ಹಳೆಯ ರಿಸೀವರ್, ಎರಡು ದೊಡ್ಡ ಸ್ಪೀಕರ್, ಎಲ್ಲವನ್ನೂ ಕಾರಿನಲ್ಲಿ ಹೇರಿಕೊಂಡು ಮತ್ತಿಕೆರೆಯ ನಮ್ಮ ಮನೆಗೆ ತಂದಿಳಿಸಿದ.

"ತಕೊ ಗುರು. ನೀನು ಹಾಡು ಕೇಳೋನು. ನಂಗೆ ಫೈಟಿಂಗ್ ಸೌಂಡ್ ಬಿಟ್ರೆ ಇನ್ನೇನೂ ತಿಳಿಯಾಕಿಲ್ಲ" ಅಂದ.

ರಿಸೀವರ್ ಅಂದರೆ ಗೊತ್ತಲ್ಲ? ಕಂಪ್ಯೂಟರಿನಿಂದಲೋ ಡಿವಿಡಿಯಿಂದಲೋ ಬರುವ ಸಂಗೀತವನ್ನು ಹಿಡಿದು, ಬಲ ತುಂಬಿ, ಸ್ಪೀಕರುಗಳಿಗೆ ಹಂಚುವ ಡಬ್ಬ. ಇಷ್ಟು ವರ್ಷ ನಾನು ಹಾಡು ಕೇಳಿದ್ದು ಕಂಪ್ಯೂಟರಿನ ಪಕ್ಕದಲ್ಲಿರುವ ಅಂಗೈಯಗಲದ ಎರಡು ಪುಟಾಣಿ ಸ್ಪೀಕರಿನಲ್ಲಿ. ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಇಟ್ಟುಕೊಂಡವನು ನಾನು. ಅವಕ್ಕೆ ಕೊನೆಗೂ ಯೋಗ್ಯವಾದ ಗಂಟಲು ಸಿಕ್ಕಿತು ಎಂದು ಹಿಗ್ಗಿದೆ.

ಆ ವಾರ ನನಗೆ ಜೋರು ನೆಗಡಿ. ಎಡಗಿವಿಗೆ ಹತ್ತಿ ತುರುಕಿದ ಹಾಗೆ ದಿಮ್ಮೆನ್ನುತ್ತಿತ್ತು. ಎರಡು ದಿನ ಹಬೆ ತೆಗೆದುಕೊಂಡೆ. ಮೂಗು ಬಿಟ್ಟುಕೊಂಡಿತು. ಕಿವಿಯೂ ಇಂದಲ್ಲ ನಾಳೆ ಬಿಟ್ಟುಕೊಳ್ಳುತ್ತದೆ ಎಂದುಕೊಂಡು ಅದರ ವಿಷಯವನ್ನು ಮರೆತೆ. ನನಗೆ ಬೇರೆ ಕೆಲಸವಿತ್ತಲ್ಲ!

ಕಂಪ್ಯೂಟರಿನಿಂದ ರಿಸೀವರಿಗೆ ಎಚ್‌ಡಿಎಂಐ ಕೇಬಲ್ ಎಳೆದೆ. ಸೋಫಾದಲ್ಲಿ ನಡುಮಧ್ಯ ಕೂತೆ. ಕಣ್ಣು ಮುಚ್ಚಿದೆ. ಒಂದು ಹಳೆಯ ಕಛೇರಿ ಹಾಕಿದೆ.

ಗಾಯಕರು ಬಲಗಡೆ. ಪಿಟೀಲು ಬಲಗಡೆ. ಮೃದಂಗವೂ ಬಲಗಡೆ. ಇಡೀ ವೇದಿಕೆ ಬಲಕ್ಕೆ ವಾಲಿಕೊಂಡಿತ್ತು. ಎಡಭಾಗದಲ್ಲಿ ಯಾರೂ ಇಲ್ಲ! ಜೊತೆಗೆ ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು.

ಎದ್ದು ಹೋಗಿ ಎಡಗಡೆಯ ಸ್ಪೀಕರಿಗೆ ಕಿವಿ ಕೊಟ್ಟೆ. ಹಾಡುತ್ತಿದೆ. ವಾಪಸ್ ಸೋಫಾಗೆ ಬಂದೆ. ಎಲ್ಲ ಮತ್ತೆ ಬಲಕ್ಕೆ. ಇದೆಂಥ ಮಾಯೆ? ಹತ್ತಿರ ಹೋದರೆ ಇದೆ, ದೂರ ಬಂದರೆ ಇಲ್ಲ.

(ಯಾವ ಕಿವಿಯನ್ನು ಕೊಟ್ಟೆ ಎಂದು ನೀವು ಕೇಳಬಹುದು. ಆಗ ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ.)

ಅಲ್ಲಿಂದ ಶುರುವಾಯಿತು ರಿಪೇರಿ. ಎಡದ ವೈರನ್ನು ಬಲಕ್ಕೆ, ಬಲದ ವೈರನ್ನು ಎಡಕ್ಕೆ ಹಾಕಿದೆ. ಸ್ಪೀಕರುಗಳನ್ನೇ ಎತ್ತಿ ಜಾಗ ಬದಲಾಯಿಸಿ ಸೊಂಟ ಹಿಡಿಸಿಕೊಂಡೆ. ಏನು ಮಾಡಿದರೂ ಸದ್ದು ಬಲಕ್ಕೇ. ಸ್ಪೀಕರ್ ಸರಿಯಿದೆ, ವೈರು ಸರಿಯಿದೆ ಎಂದ ಮೇಲೆ ತಪ್ಪು ಕಂಪ್ಯೂಟರಿನದೇ ಅಲ್ಲವೇ? ಸೌಂಡ್ ಸೆಟ್ಟಿಂಗ್ಸ್ ತೆರೆದೆ. ಸೌಂಡಿನ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ. ಕೊನೆಗೆ ವಿಂಡೋಸನ್ನೇ ಅಳಿಸಿ ಹೊಸದಾಗಿ ತುಂಬಿದೆ. ಇಂಟರ್‌ನೆಟ್ಟಿನಲ್ಲಿ ನನ್ನಂಥವರು ಕೂತು ಗೋಳು ಹೇಳಿಕೊಳ್ಳುವ ತಾಣಗಳಿವೆ. ಒಬ್ಬೊಬ್ಬನದೂ ಒಂದೊಂದು ಕಾಯಿಲೆ, ಒಬ್ಬೊಬ್ಬನದೂ ಒಂದೊಂದು ಮದ್ದು. ಎಲ್ಲ ಮದ್ದನ್ನೂ ಕುಡಿಸಿದೆ.

ಒಂದು ಸಂಜೆ ಹೆಂಡತಿ ಮಂಜುಳಾ ಶಾಲೆಯಿಂದ ಬಂದಳು. ಅವಳು ಪ್ರೈಮರಿ ಟೀಚರ್. ಸೋಫಾದಲ್ಲಿ ಕೂರಿಸಿ, ಹಾಡು ಹಾಕಿ, ಹೇಗಿದೆ ಎಂದೆ.

"ಚೆನ್ನಾಗಿದೆ ಕಣ್ರೀ."

"ಚೆನ್ನಾಗಿರೋದಲ್ಲ. ಎಡಗಡೆ ಸೌಂಡ್ ಬರ್ತಿದೆಯಾ?"

"ಬರ್ತಿದೆಯಲ್ಲ. ಎರಡೂ ಕಡೆ ಬರ್ತಿದೆ."

"ಸರಿಯಾಗಿ ಕೇಳಿಸ್ಕೊ. ಆ ಗುಂಯ್ ಸದ್ದು?"

"ಯಾವ ಸದ್ದು?"

"ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು" ಎಂದೆ. ಅವಳು ಕಾಫಿ ಮಾಡಲು ಎದ್ದು ಹೋದಳು.

ಭಾನುವಾರ ರಾಜಣ್ಣನನ್ನು ಕರೆಸಿದೆ. ಬಂದವನೇ ಪಂಚೆ ಎತ್ತಿ ಕಟ್ಟಿ ನನ್ನ ಪಕ್ಕದಲ್ಲೇ ಸ್ಟ್ಯಾಂಡಿನ ಹಿಂದೆ ನುಗ್ಗಿದ. "ಎಚ್‌ಡಿಎಂಐ ಬ್ಯಾಡ ಗುರು, ಆಪ್ಟಿಕಲ್ ಆಕು. ಅದ್ರಾಗೆ ಕರೆಂಟೇ ಇರಾಕಿಲ್ಲ, ಬರೀ ಬೆಳಕು ಓಯ್ತದೆ. ಗುಂಯ್ ಗಿಂಯ್ ಎಲ್ಲ ಬಂದ್ ಆಯ್ತದೆ."

ಹೌದಲ್ಲ! ಗುಂಯ್ ಎನ್ನುವುದು ಅರ್ಥಿಂಗ್ ದೋಷವಾದರೆ ಬೆಳಕಿನ ಕೇಬಲ್ಲಿನಲ್ಲಿ ಅದು ದಾಟಲಾರದು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಓಡಿದೆವು. ಅಂಗಡಿಯವನು "ಸಾರ್, ಗೋಲ್ಡ್ ಪ್ಲೇಟೆಡ್ ತಗೊಳ್ಳಿ, ಸೌಂಡ್ ಸೂಪರ್ ಇರುತ್ತೆ" ಅಂದ. (ಬೆಳಕು ಹೋಗುವ ಕೇಬಲ್ಲಿಗೆ ಚಿನ್ನದ ಲೇಪ ಏಕೆ ಬೇಕು? ಕೇಳಲಿಲ್ಲ. ತೆಗೆದುಕೊಂಡೆ. ಕಂಗಾಲಾದವನು ತಾಯಿತವನ್ನೂ ಕಟ್ಟಿಸಿಕೊಳ್ಳುತ್ತಾನೆ.)

ಬಂದು ಸಿಕ್ಕಿಸಿದೆವು. ಸದ್ದು ಬಲಕ್ಕೇ. ಗುಂಯ್ ಕೂಡ ಇದೆ.

ರಾಜಣ್ಣ ಸೋಫಾದಲ್ಲಿ ಕೂತು ತಲೆ ಅತ್ತ ಇತ್ತ ತಿರುಗಿಸಿ ಕೇಳಿದ. "ಸರ್ಯಾಗೇ ಬತ್ತಾ ಐತಲ್ಲೋ ಗುರು. ಏನಾಗೈತೆ ಇದ್ಕೆ?"

ನಾನು ನಕ್ಕುಬಿಟ್ಟೆ. ಜೆಸಿಬಿ, ಕಾಂಕ್ರೀಟ್ ಮಿಕ್ಸರ್‌ಗಳ ಮಧ್ಯೆ ಬದುಕುವ ಬಿಲ್ಡರನ ಕಿವಿಯನ್ನು ನಂಬುವುದೇ? ಹಾಗೆಂದು ಹೇಳಿಯೂ ಹೇಳಿದೆ. ಅವನೂ ನಕ್ಕ. ಹೋಗುವಾಗ ರಿಸೀವರ್ ತುಂಬಿ ತಂದಿದ್ದ ಪೆಟ್ಟಿಗೆಯ ತಳದಲ್ಲಿದ್ದ ಸಣ್ಣ ಮೈಕೊಂದನ್ನು ತೆಗೆದುಕೊಟ್ಟ. ಅದನ್ನು ನಾವು ಕೂರುವ ಜಾಗದಲ್ಲಿ ಇಟ್ಟರೆ ರಿಸೀವರ್ ಟುಯ್ ಟುಯ್ ಎಂದು ಸದ್ದು ಬಿಟ್ಟು, ಯಾವ ಸ್ಪೀಕರಿನಿಂದ ಎಷ್ಟು ಬರುತ್ತಿದೆ ಎಂದು ತಾನೇ ಅಳೆಯುತ್ತದಂತೆ.

ಇಟ್ಟೆ. ಅಳೆಯಿತು. ಪರದೆಯ ಮೇಲೆ ಬಂತು: ಎಡ, ಬಲ, ಎರಡೂ ಸಮ.

ಹೆಂಡತಿ ಹೇಳಿದ್ದಾಯಿತು. ಗೆಳೆಯ ಹೇಳಿದ್ದಾಯಿತು. ಈಗ ಯಂತ್ರವೂ ಹೇಳಿತು. ನಾನೇನು ಮಾಡಿದೆ ಗೊತ್ತೇ? ಮೈಕೂ ಕೆಟ್ಟಿದೆ ಎಂದೆ!

ಈ ನಡುವೆ ಊರು ತನ್ನ ಪಾಡಿಗೆ ನನಗೆ ಸೂಚನೆ ಕೊಡುತ್ತಲೇ ಇತ್ತು. ಬೆಳಿಗ್ಗೆ ವಾಕಿಂಗಿನಲ್ಲಿ ಪಕ್ಕದ ಮನೆಯ ನಂಜುಂಡಪ್ಪನವರು ಎಡಗಡೆಯಿಂದ ಮಾತಾಡಿಸಿದರಂತೆ. ನಾನು ಸುಮ್ಮನೆ ಮುಂದೆ ಹೋದೆನಂತೆ. "ನಿಮ್ಮ ಯಜಮಾನರಿಗೆ ದೊಡ್ಡಸ್ತಿಕೆ ಬಂದ್ಬಿಟ್ಟಿದೆ ಬಿಡಮ್ಮ" ಎಂದು ಮಂಜುಳಾಳ ಹತ್ತಿರ ಬೇಜಾರು ಮಾಡಿಕೊಂಡರು. ಯಶವಂತಪುರದ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ ಬೈಕೊಂದು ಮೈಮೇಲೇ ಬಂದಂತಾಯಿತು. ಹಾರ್ನ್ ಹೊಡೆದೆ ಎಂದು ಅವನು ಬೈದ. ಹೊಡೆದಿಲ್ಲ ಎಂದು ನಾನು ಬೈದೆ. ಫೋನು ಮಾತ್ರ ಮಾಮೂಲಿನಂತೆ ಕೇಳುತ್ತಿತ್ತು. ಫೋನನ್ನು ನಾನು ಹಿಡಿಯುವುದು ಬಲಗಿವಿಗೆ.

ಮಂಜುಳಾ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. "ಕ್ಲಾಸಲ್ಲಿ ಕೆಲವು ಮಕ್ಕಳು ಹೆಸರು ಕೂಗಿದ್ರೂ ತಿರುಗಲ್ಲ. ಮೊದಮೊದಲು ತಂಟೆ ಅನ್ಕೋತೀವಿ. ಆಮೇಲೆ ನೋಡಿದ್ರೆ ಪಾಪ, ಕಿವಿ ಸೋರ್ತಿರುತ್ತೆ. ನೀವೂ ಒಂದ್ಸಲ ತೋರಿಸ್ಕೊಂಡ್ಬನ್ನಿ."

"ಎಡಗಡೆಯ ಸ್ಪೀಕರ್ ಕೆಟ್ಟಿದೆ ಅಂದ್ರೆ ನನ್ನ ಕಿವಿ ಯಾಕೆ ತೋರಿಸ್ಬೇಕು?" ಎಂದೆ. ಎಂಥ ಜಾಣ ಪ್ರಶ್ನೆ!

ಆಮೇಲೊಂದು ಮಧ್ಯಾಹ್ನ. ನಾನು ಎಂದಿನಂತೆ ಸ್ಟ್ಯಾಂಡಿನ ಹಿಂದೆ. ಮಂಜುಳಾ ಸೋಫಾದಲ್ಲಿ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದಳು. ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ರಿಸೀವರಿನ ದೀಪ ಆರಿತು. ಕಂಪ್ಯೂಟರ್ ಆರಿತು. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ನಮ್ಮ ಬೀದಿಯಲ್ಲಿ ಅಂಥ ಮೌನ ಸಿಗುವುದೇ ಅಪರೂಪ.

ಆ ಮೌನದಲ್ಲಿ ಗುಂಯ್ ಎನ್ನುತ್ತಲೇ ಇತ್ತು.

ನಾನು ಕೈಯಲ್ಲಿದ್ದ ಕೇಬಲ್ಲನ್ನು ನೋಡಿದೆ. ಅದು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಗೋಡೆಯಿಂದ ಪ್ಲಗ್ ಕಿತ್ತೆ. ಗುಂಯ್. ಎದ್ದು ನಿಂತೆ, ಬಾಗಿಲ ಬಳಿ ಹೋದೆ, ವರಾಂಡಕ್ಕೆ ಹೋದೆ. ಗುಂಯ್ ನನ್ನ ಜೊತೆಗೇ ಬಂತು.

"ಮಂಜುಳಾ, ಏನಾದ್ರೂ ಸದ್ದು ಕೇಳ್ತಿದೆಯಾ?"

"ಕರೆಂಟೇ ಇಲ್ವಲ್ರೀ, ಎಲ್ಲಿಂದ ಬರ್ಬೇಕು ಸದ್ದು?"

ನಾನು ಬಲಗಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದೆ. "ಈಗ ಏನಾದ್ರೂ ಮಾತಾಡು" ಎಂದೆ. ಎಂದೆನೋ ಇಲ್ಲವೋ, ನನ್ನ ದನಿಯೇ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಅವಳು ತಲೆಯೆತ್ತಿದಳು. ತುಟಿ ಅಲುಗಿತು. ಮತ್ತೆ ಅಲುಗಿತು. ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು, ಎದ್ದಳು, ಹತ್ತಿರ ಬಂದು ನನ್ನ ತೋಳು ಹಿಡಿದು ಇನ್ನೂ ಏನೋ ಹೇಳಿದಳು. ಅವಳ ಕುತ್ತಿಗೆಯ ನರ ಉಬ್ಬಿದ್ದು ನೋಡಿ ಅವಳು ಕೂಗುತ್ತಿದ್ದಾಳೆ ಎಂದು ಗೊತ್ತಾಯಿತು.

ಒಂದಕ್ಷರ ಕೇಳಲಿಲ್ಲ.

ಮರುದಿನ ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗೆಲ್ಲ ಬಟನ್ ಒತ್ತಬೇಕು. ಬಲಗಿವಿಯ ಸರದಿಯಲ್ಲಿ ಜಾಣ ಹುಡುಗನಂತೆ ಒತ್ತುತ್ತಾ ಹೋದೆ. ಆಮೇಲೆ ಸುಮ್ಮನೆ ಕೂತೆ. ಬಹಳ ಹೊತ್ತಾದರೂ ಏನೂ ಬರಲಿಲ್ಲ. ಎಡಗಿವಿಗೆ ಯಾವಾಗ ಶುರು ಮಾಡುತ್ತೀರಿ ಎಂದು ಕಿಟಕಿಯಾಚೆ ಕೂತಿದ್ದ ಹುಡುಗಿಗೆ ಸನ್ನೆ ಮಾಡಿದೆ. ಅವಳು ಬಾಗಿಲು ತೆರೆದು ಮೆಲ್ಲಗೆ ಹೇಳಿದಳು. "ಮುಗೀತು ಸಾರ್."

ಡಾಕ್ಟರು ಹೆಂಗಸು, ನನಗಿಂತ ತುಂಬ ಚಿಕ್ಕವರು. ಹೀಗೆ ಒಂದು ಕಿವಿ ಇದ್ದಕ್ಕಿದ್ದಂತೆ ಹೋಗಿಬಿಡುವುದುಂಟು ಎಂದರು. ನರದ ತೊಂದರೆ. ಯಾಕೆ ಎಂದು ಎಷ್ಟೋ ಸಲ ತಿಳಿಯುವುದೇ ಇಲ್ಲ. ನೆಗಡಿ ಎಂದುಕೊಂಡು ಜನ ಸುಮ್ಮನಿರುತ್ತಾರೆ. ಗುಂಯ್ ಎನ್ನುವುದೂ ಅದರದೇ ಲಕ್ಷಣ.

"ಯಾವಾಗಿಂದ ಹೀಗೆ?"

"ರಿಸೀವರ್ ಬಂದಾಗಿಂದ" ಎಂದೆ.

ಮಂಜುಳಾ ನಡುವೆ ಬಾಯಿ ಹಾಕಿ, ನೆಗಡಿ ಬಂದಾಗಿನಿಂದ, ಒಂದು ತಿಂಗಳ ಮೇಲಾಯಿತು ಎಂದು ಸರಿಯಾದ ಉತ್ತರ ಕೊಟ್ಟಳು. ಡಾಕ್ಟರು ನನ್ನ ಕಡೆ ತಿರುಗಿದರು. "ಮೊದಲ ವಾರದಲ್ಲೇ ಬಂದಿದ್ರೆ ಟ್ರೀಟ್‌ಮೆಂಟ್‌ಗೆ ಒಳ್ಳೇ ಚಾನ್ಸ್ ಇತ್ತು ಸಾರ್. ಗ್ಯಾರಂಟಿ ಅಲ್ಲ. ಆದ್ರೆ ಚಾನ್ಸ್ ಇತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ?"

"ಕೇಬಲ್ ಬದಲಾಯಿಸ್ತಿದ್ದೆ."

ಅವರು ನಗಲಿಲ್ಲ. ನಗಲಿ ಎಂದೇ ನಾನು ಹೇಳಿದ್ದು.

ಆದರೂ ಪ್ರಯತ್ನ ಮಾಡಿದರು. ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಅದರಿಂದ ನನ್ನ ಸಕ್ಕರೆ ಏರಿತು. ಕಿವಿಯ ತಮಟೆಯೊಳಗೇ ಸೂಜಿ ಚುಚ್ಚಿದರು. ಪ್ರತಿ ಸಲ ಚುಚ್ಚಿಸಿಕೊಂಡು ಬಂದ ಮೇಲೂ ನಾನು ಬಲಗಿವಿ ಮುಚ್ಚಿಕೊಂಡು ಗೋಡೆ ಗಡಿಯಾರದ ಕೆಳಗೆ ನಿಲ್ಲುತ್ತಿದ್ದೆ. ಕಳೆದ ವಾರ ಮತ್ತೆ ಆ ಗಾಜಿನ ಕೋಣೆಯಲ್ಲಿ ಕೂರಿಸಿದರು. ಬಟನ್ ಮೇಲೆ ಹೆಬ್ಬೆರಳಿಟ್ಟುಕೊಂಡು ಕಾದೆ. ಒಂದು ಸಲ ಸುಳ್ಳೇ ಒತ್ತಿಬಿಡೋಣ ಅನಿಸಿತು. ಒತ್ತಲಿಲ್ಲ.

"ಇನ್ನು ಬರೋದು ಕಷ್ಟ ಸಾರ್" ಎಂದರು ಡಾಕ್ಟರು.

ವಾಪಸ್ ಆಟೋದಲ್ಲಿ ಬರುವಾಗ ಮಂಜುಳಾ ನನ್ನ ಎಡಕ್ಕೆ ಕೂತಿದ್ದಳು. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸುಮ್ಮನೆ ಅವಳ ಕಡೆ ತಿರುಗಿದೆ. ಅವಳು ರಸ್ತೆ ನೋಡುತ್ತಾ ಏನೋ ಹೇಳುತ್ತಿದ್ದಳು. ಯಾವಾಗಿನಿಂದ ಹೇಳುತ್ತಿದ್ದಳೋ ಗೊತ್ತಿಲ್ಲ. ಕಣ್ಣು ಒದ್ದೆಯಾಗಿತ್ತು.

"ಏನಂದೆ?" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಏನಿಲ್ಲ ಬಿಡಿ."

ಅವಳು ಏನು ಹೇಳಿದಳು ಎಂದು ಆಮೇಲೆ ಎರಡು ಮೂರು ಸಲ ಕೇಳಿದೆ. ಹೇಳಲಿಲ್ಲ. ಬೈದಳೋ, ದೇವರನ್ನು ಬೇಡಿಕೊಂಡಳೋ, ನನಗೆ ಸಮಾಧಾನ ಹೇಳಿದಳೋ. ಇನ್ನು ನನಗೆ ಯಾವತ್ತೂ ತಿಳಿಯುವುದಿಲ್ಲ. ಕಿವಿ ಹೋದದ್ದಕ್ಕಿಂತ ಹೆಚ್ಚಾಗಿ ಅದು ನನ್ನನ್ನು ತಿನ್ನುತ್ತಿದೆ.

ರಾಜಣ್ಣ ಸುದ್ದಿ ತಿಳಿದು ಓಡಿಬಂದ. ಬಾಗಿಲಲ್ಲೇ ನಿಂತು ಕೇಳಿದ. "ನಾ ತಂದ ಡಬ್ಬದಿಂದ ಇಂಗಾಯ್ತಾ ಗುರು? ಓಲ್ಯೂಮ್ ಗೀಲ್ಯೂಮ್ ಜಾಸ್ತಿ ಇಟ್ಟಿದ್ಯಾ?" ಅಲ್ಲ ಕಣೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವನು ನಂಬಲಿಲ್ಲ. ಸ್ಪೀಕರುಗಳ ಮುಂದೆ ನೆಲದ ಮೇಲೆ ಕೂತು ಅವನ್ನೇ ನೋಡುತ್ತಾ, "ನಿಂಗೆ ಬ್ಯಾಡ ಅಂದ್ರೆ ತಕೊಂಡ್ ಓಯ್ತೀನಿ" ಎಂದ. ಇರಲಿ ಬಿಡು ಎಂದೆ. ಇದೆ, ಅದರ ಪಾಡಿಗೆ. ಮಂಜುಳಾ ಅದರ ಮೇಲೊಂದು ಬಟ್ಟೆ ಹೊದಿಸಿದ್ದಾಳೆ.

ಒಂದು ಕಿವಿಯಲ್ಲಿ ಸಂಗೀತ ಕೇಳಲಾಗುವುದಿಲ್ಲವೇ? ಆಗುತ್ತದೆ. ಆದರೆ ಅದು ಗೋಡೆಗೆ ಅಂಟಿಸಿದ ಪೋಸ್ಟರಿನಂತಿರುತ್ತದೆ. ಹತ್ತಿರ ದೂರಗಳಿಲ್ಲ. ಮನೆಯಲ್ಲಿ ಯಾರಾದರೂ ಕರೆದರೆ ಯಾವ ಕೋಣೆಯಿಂದ ಎಂದು ತಿಳಿಯುವುದಿಲ್ಲ. "ಇಲ್ಲಿದ್ದೀನಿ" ಎನ್ನುತ್ತಾಳೆ ಮಂಜುಳಾ. ಇಲ್ಲಿ ಅಂದರೆ ಎಲ್ಲಿ? ಒಂದೊಂದು ಕೋಣೆಗೂ ಇಣುಕಿ ನೋಡುತ್ತೇನೆ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಷ್ಟು ಜನರ ಮಾತಿನಲ್ಲಿ ನನ್ನೊಡನೆ ಆಡುವ ಮಾತನ್ನು ಬಿಡಿಸಿಕೊಳ್ಳಲು ನನಗೆ ಬರುವುದಿಲ್ಲ. ಸುಮ್ಮನೆ ತಲೆಯಾಡಿಸಿ ನಗುತ್ತೇನೆ. ಸಾವಿನ ಸುದ್ದಿಗೂ ಒಮ್ಮೆ ಹಾಗೆ ನಕ್ಕೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ? ಅನುಕಂಪಕ್ಕಲ್ಲ. ಪ್ರತಿ ವಾರ ಈ ಅಂಕಣದಲ್ಲಿ ಕೂತು ಸರ್ಕಾರ ಕಿವುಡು, ಪಾಲಿಕೆ ಕಿವುಡು ಎಂದು ನಿಮಗೆ ಬರೆದು ಒಪ್ಪಿಸುವವನು ನಾನು. ನನ್ನ ಮನೆಯೊಳಗೇ ಇಬ್ಬರು ನನಗೆ ನೇರವಾಗಿ ಹೇಳಿದರು. ಬಲಗಿವಿ ಚೆನ್ನಾಗಿಯೇ ಇತ್ತು, ಮಾತು ಅದರೊಳಗೆ ಹೋಗಿಯೂ ಇತ್ತು. ನಾನು ತಂತಿಯನ್ನು ನಂಬಿದೆ, ಎಲ್ಲೋ ಕೂತು ಬರೆಯುವ ಹೆಸರಿಲ್ಲದವರನ್ನು ನಂಬಿದೆ, ಚಿನ್ನದ ಲೇಪವನ್ನು ನಂಬಿದೆ. ಪಕ್ಕದಲ್ಲಿ ಕೂತವಳನ್ನು ಮಾತ್ರ ನಂಬಲಿಲ್ಲ.

ನಿಮ್ಮ ಮನೆಯಲ್ಲೂ ಇಂದು ಯಾರೋ ನಿಮಗೆ ಏನೋ ಹೇಳಿರುತ್ತಾರೆ. ನೀವು ಕೇಳಿಯೂ ಇರುತ್ತೀರಿ.

ನಂಬಿದಿರಾ?