ಎಡಗಿವಿಯ ಸುಳ್ಳು

ನಮ್ಮತ್ತಿ ಕಸ್ತೂರೆವ್ವಗ ಯಾರ ಮ್ಯಾಲೂ ನಂಬಿಕಿಲ್ಲ. ಹಾಲಿನಾಂವ ಬಂದ್ರ ಅಳತಿ ಡಬ್ಬಿ ತಿರುವಿ ನೋಡತಾರ. ಡಾಕ್ಟರ್ ಗುಳಗಿ ಕೊಟ್ರ ಮೊದ್ಲ ಮೂಸತಾರ. ಮನಶ್ಯಾನ ಪರೀಕ್ಷಾ ಮಾಡಾಕೂ ಅವರದೊಂದು ಪದ್ಧತಿ ಐತಿ: ಒಂದು ಸುಳ್ಳ ಹೇಳಿ, ‘ಯಾರ ಮುಂದೂ ಅನಬ್ಯಾಡ’ ಅಂದು, ಅದು ತಿರುಗಿ ಬರತೈತೇನಂತ ಕಾಯೋದು. ಶಿರಗುಪ್ಪಿಯ ತಂಗಿ ಭೀಮಾಬಾಯಿಗೆ ಒಮ್ಮೆ ‘ಎಮ್ಮಿ ಮಾರೂಣಂತ ಮಾಡೀನಿ’ ಅಂದಿದ್ರು. ಗಿರಾಕಿ ನಮ್ಮೂರು ಏಕಸಂಬಿಗೇ ಬಂದು ಬಾಗಲದಾಗ ನಿಂತ! ಅಂದಿನಿಂದ ತಂಗಿ ಮುಂದ ಮಳಿ-ಬೆಳಿ ಬಿಟ್ರ ಬ್ಯಾರೆ ಮಾತಿಲ್ಲ.

ಇಂಥಾ ಮನಿಗೆ ಮೆಡಿಕಲ್ ಕಾಲೇಜಿನ ಹುಡುಗಿ ಬಂದಳು, ದೀಪಾಲಿ ಅಂತ. ಕಲಿಯೂ ಹುಡುಗರಿಗೆ ಹಳ್ಳ್ಯಾಗ ಮನಿ ಹಂಚ್ಯಾರಂತ. ಆಗಾಗ ಬಂದು, ಮಂದಿ ಕೂಡ ಹ್ಯಾಂಗ ನಡಕೋಬೇಕಂತ ಕಲೀಬೇಕಂತ. ನನಗ ಅದೇ ಅನುಮಾನ. ಪುಕ್ಕಟ ಬಿಪಿ ನೋಡಾಕ ಯಾರರೆ ಬರತಾರೇನ್ರಿ? ಅತ್ತಿ ಹೆಸರಿಲೆ ಕಬ್ಬಿನ ಹೊಲ ಬ್ಯಾರೆ ಐತಿ. ಒಂದು ಕಣ್ಣ ಇಟ್ಟೇ ಇದ್ದೆ.

ಎರಡನೇ ಸಲ ಬಂದಾಗ ಹುಡುಗಿ ಎದುರಿಗೆ ಕೂಡಲಿಲ್ಲ. ಸುತ್ತ ಹಾಕಿ ಅತ್ತಿಯ ಬಲಕ್ಕ ಹೋಗಿ ಕುಂತಳು. ಸಂಗಾಟ ಬಂದ ಗೆಳತೀನ್ನೂ ಆ ಕಡೆನ ಕೂಡಿಸಿದಳು, ಯಾಕಂತ ಹೇಳಲಿಲ್ಲ. ಮೂರನೇ ಸಲಕ್ಕ ಅತ್ತಿ ಆಕಿನ್ನ ಒಳಗ ಕರಕೊಂಡು ಬಾಗಲಾ ಹಾಕಿದ್ರು.

ಹೊರಗ ಬಂದವಳನ್ನ ಅಡ್ಡಗಟ್ಟಿದೆ.

“ಹೆಬ್ಬೆಟ್ಟ ಒತ್ತಿಸಿಕೊಂಡಿಯೇನಬೇ?”

“ಇಲ್ರಿ ಅಕ್ಕಾರ.”

“ಮತ್ತ ಏನಂದ್ರು ನಮ್ಮತ್ತಿ?”

“ಅವರನ್ನ ಕೇಳ್ರಿ. ನಾ ಹೇಳೂ ಹಂಗಿಲ್ರಿ.”

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂಗ ಬೈದೆ, ಇನ್ನ ನಮ್ಮ ಹೊಸ್ತಿಲಾ ತುಳಿಬ್ಯಾಡ ಅಂದೆ. ಕಣ್ಣಾಗ ನೀರು ತಂದ್ಲು, ಬಾಯಿ ಮಾತ್ರ ಬಿಡಲಿಲ್ಲ ಆ ಮಳ್ಳಿ.

ಅಷ್ಟರಾಗ ಅತ್ತಿನ ಬಾಗಲಕ್ಕ ಬಂದ್ರು.

“ಚನ್ನವ್ವಾ, ಬಿಡು ಆಕಿನ್ನ. ನನ್ನ ಎದಿಯಾಗ ಗಂಟಾಗೇತಿ. ಯುಗಾದಿಯಿಂದ ಐತಿ. ‘ನಾ ಇನ್ನೂ ಡಾಕ್ಟರ್ ಅಲ್ರಿ, ನಮ್ಮ ಮೇಡಮ್ಮರಿಗೆ ಹೇಳಲೇನ್ರಿ ಆಯಿ?’ ಅಂತ ನನ್ನ ಕೇಳ್ಯಾಳ. ಹೂಂ ಅಂದೀನಿ.”

ನಾ ಅಲ್ಲೇ ಕುಂತೆ. “ಯುಗಾದಿಯಿಂದ! ನನಗ್ಯಾಕ ಹೇಳಲಿಲ್ರಿ ಅತ್ತಿ?”

“ನನ್ನ ಎಡಗಿವಿ ಕೇಳೂದಿಲ್ಲಂತ ಈಕಿಗೆ ಸುಳ್ಳ ಹೇಳಿದ್ದೆ. ಊರಾಗ ಒಬ್ಬರೂ ನನ್ನ ಬಲಗಿವಿಗೆ ಬಂದು ಒದರಲಿಲ್ಲ. ನಿನಗೂ ಒಂದ ಹೇಳಿದ್ದೆ, ಟ್ರಂಕಿನಾಗ ಬಂಗಾರದ ಬೋರಮಾಳ ಸರ ಐತಿ ಅಂತ. ನಿಪ್ಪಾಣಿಯಿಂದ ನಿಮ್ಮವ್ವನ ಫೋನ್ ಬಂತು.”

ನಾ ಎದ್ದು, ದವಾಖಾನಿಗೆ ಹೋಗಾಕ ಅತ್ತಿಯ ಸೀರಿ ಚೀಲದಾಗ ತುಂಬಿದೆ.

ಆಪರೇಶನ್ ಆತು. ಅತ್ತಿ ಈಗ ಆರಾಮ ಅದಾರ, ಹಾಲಿನ ಡಬ್ಬಿ ಮತ್ತ ತಿರುವಾಕತ್ತಾರ. ಮೊನ್ನೆ ದೀಪಾಲಿ ಬಂದಾಗ ನಾನ ಆಕಿನ್ನ ಒಳಗ ಕರದು ಬಾಗಲಾ ಹಾಕಿದೆ. ನನಗೂ ಒಂದು ಹೇಳೋದಿತ್ತು.

“ಯಾವ ಕಡೆ ಕೂಡಲ್ರಿ ಅಕ್ಕಾರ?” ಅಂತ ನಕ್ಕಳು.

“ಎದುರಿಗೇ ಕೂಡವ್ವಾ. ಇದು ಖರೇನ ಐತಿ.”

ಹೊರಗಿಂದ ಅತ್ತಿ ಒದರಿದ್ರು, “ಏನ ಹೇಳಾಕತ್ತೀಯಬೇ ಆಕಿಗೆ?”

ನಾವಿಬ್ಬರೂ ತುಟಿ ಪಿಟಕ್ಕನ್ನಲಿಲ್ಲ.